ಮೂರನೆಯ ತಂತಿ

“ನೋಡಮ್ಮ, ರೆಕಾರ್ಡ್ ತಟ್ಟೆ ಮೇಲೆ ಸೂಜಿ ಓಡುವಾಗ ಹುಟ್ಟೋ ಸದ್ದು ಇರುವೆ ನಡೆದಷ್ಟೇ ಸಣ್ಣದು. ಅದನ್ನ ಆಂಪ್ಲಿಫೈಯರ್ ಕೈಹಿಡಿದು ದೊಡ್ಡದು ಮಾಡಬೇಕು. ನಮ್ಮ ಆಂಪ್ಲಿಫೈಯರ್‌ಗೆ ಅಷ್ಟು ಸಣ್ಣ ಸದ್ದು ಕೇಳೋ ಕಿವಿ ಇರೋದು ಒಂದೇ. ಪ್ಲೇಯರ್ ಮೂರು. ಮೂರನ್ನೂ ಒಂದೇ ಕಿವಿಗೆ ತುರುಕಿದ್ರೆ ಯಾರ ಮಾತೂ ಕೇಳಲ್ಲ, ಸಂತೆ ಆಗುತ್ತೆ. ಅದಕ್ಕೇ ನಡುವೆ ಈ ಡಬ್ಬಿ. ಗುಂಡಿ ಒಂದಕ್ಕೆ ತಿರುಗಿಸಿದ್ರೆ ನಂದು, ಎರಡಕ್ಕೆ ನಿಂದು, ಮೂರಕ್ಕೆ ಅಕ್ಕಂದು. ಎಡಕ್ಕೊಂದು ಬಲಕ್ಕೊಂದು ತಂತಿ ಯಾವ ದಡ್ಡ ಬೇಕಾದ್ರೂ ಸಿಕ್ಕಿಸ್ತಾನೆ. ಮರೆಯೋದು ಮೂರನೇದನ್ನ, ಈ ಬಡಕಲು ಅರ್ತ್ ತಂತಿನ. ಇದು ಮನೇಲಿರೋ ಹಿರೀ ಹೆಂಗಸಿನ ಹಾಗೆ. ಇದ್ದಾಗ ಯಾರ ಕಣ್ಣಿಗೂ ಬೀಳಲ್ಲ, ಕೈಬಿಟ್ರೆ ಮನೆಯೆಲ್ಲಾ ಗುಂಯ್ ಅನ್ನುತ್ತೆ.”

ಸೊಸೆಗೆ ಹೀಗೆ ಪಾಠ ಹೇಳಿದವರು, ಬೀದಿಯವರೆಲ್ಲ ಸೂಜಿ ಮಾವ ಎಂದು ಕರೆಯುವ ರಿಪೇರಿಯವರು. ನಲವತ್ತೆಂಟು ವರ್ಷ ರೇಡಿಯೊ, ಪ್ಲೇಯರ್‌ಗಳ ಹೊಟ್ಟೆ ಬಗೆದು ನೋಡಿದ ಕೈ. ಅವರ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತನ್ನು ಕೇಳಿದವರು ಯಾರೂ ಇರಲಿಲ್ಲ.

ಸೊಸೆ ತವರಿನಿಂದ ಒಂದು ಪ್ಲೇಯರ್ ತಂದಿದ್ದಳು. ಮಾವನದು ಮೊದಲೇ ಇತ್ತು. ಮೂರನೆಯದು ಅದೇ ಮನೆಯಲ್ಲಿದ್ದ ಅವರ ಅಕ್ಕನದು. ಅಕ್ಕ ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದವರು. ಸ್ವಂತ ದುಡಿಮೆಯಲ್ಲಿ ಕೊಂಡ ಮೊದಲ ವಸ್ತು ಆ ಪ್ಲೇಯರ್. ದಿನಾ ಬೆಳಿಗ್ಗೆ ಅದಕ್ಕೊಂದು ತಟ್ಟೆ ಹಾಕಿ, ಹಾಡು ಮುಗಿಯುವಷ್ಟರಲ್ಲಿ ಮನೆಯವರ ಬಟ್ಟೆಯೆಲ್ಲ ಮಡಿಚಿಡುತ್ತಿದ್ದರು. ಮೂರೂ ಒಂದೇ ಕಡೆ ಹಾಡಲಿ ಎಂದು ಮಾವ ಡಬ್ಬಿ ಕಟ್ಟಿದ್ದರು.

ಗುಂಡಿ ಒಂದಕ್ಕೆ ತಿರುಗಿತು, ಹಾಡಿತು. ಎರಡಕ್ಕೆ ತಿರುಗಿತು, ಹಾಡಿತು. ಮೂರಕ್ಕೆ ತಿರುಗಿಸಿದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್ ಎಂದಿತು.

“ತಮ್ಮಾ, ಹಿಂದುಗಡೆ ಒಂದು ಎಳೆ ಜೋತಾಡ್ತಾ ಇದೆ ನೋಡೋ,” ಎಂದರು ಅಕ್ಕ, ಸ್ಟೂಲಿನ ಮೇಲಿಂದ.

ಮಾವ ತಿರುಗಿಯೂ ನೋಡಲಿಲ್ಲ. “ನೀನು ಸುಮ್ನೆ ಮಡಿಚ್ತಾ ಕೂತ್ಕೊ. ಬಟ್ಟೆ ಎಳೆ ಅಲ್ಲ ಇದು. ನಿನ್ನ ಪ್ಲೇಯರಿಗೂ ನಿನ್ನ ಹಾಗೇ ಅರಳು ಮರಳು. ಒಳಗಿನ ಸುರುಳಿ ಸುಟ್ಟಿದೆ, ಮುಗೀತು ಅದರ ಕಥೆ.”

ಮಗ ನಕ್ಕ. ಸೊಸೆ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಅಕ್ಕ ಪ್ಲೇಯರನ್ನು ಬಿಚ್ಚಿಸಿಕೊಂಡು, ಮೇಲೆ ದಿಂಬಿನ ಚೀಲ ಹೊದಿಸಿ, ತಮ್ಮ ಕೋಣೆಗೆ ಹೊತ್ತುಕೊಂಡು ಹೋದರು. ಮರುದಿನದಿಂದ ಬಟ್ಟೆ ಮಡಿಚುವ ಹೊತ್ತಿನಲ್ಲಿ ಹಾಡಿಲ್ಲ.

ಒಂಬತ್ತನೆಯ ದಿನ ಮಾವ ಡಬ್ಬಿಯ ಹಿಂದಿನ ದೂಳು ಒರೆಸುತ್ತಿದ್ದರು. ಅರ್ತ್ ತಿರುಪಿಗೆ ಸುತ್ತಿದ್ದು ಎರಡೇ ತಂತಿ, ಮೂರನೆಯದಕ್ಕೆ ಜಾಗವೇ ಇಲ್ಲ. ನೆನಪು ಚುರುಕ್ಕೆಂದಿತು. ಅವತ್ತು ಕಟ್ಟುವಾಗಲೂ ತಿರುಪು ಗಿಡ್ಡವಾಗಿ ಮೂರನೆಯದು ಹಿಡಿದಿರಲಿಲ್ಲ. ಉದ್ದದ ತಿರುಪು ತರೋಣವೆಂದು ಆ ತಂತಿಯನ್ನು ಪಕ್ಕಕ್ಕೆ ಸರಿಸಿದ್ದರು, ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕರೆದಿದ್ದರು. ಜೋತಾಡುತ್ತಿದ್ದ ಎಳೆ ಅದೇ. ಕಿವಿಯ ತುದಿಯವರೆಗೆ ಬಿಸಿ ಏರಿತು. ಸುತ್ತ ನೋಡಿದರು. ಯಾರೂ ಇರಲಿಲ್ಲ. ಯಾರೂ ಇಲ್ಲವಲ್ಲ ಎಂದು ಸಮಾಧಾನವಾಯಿತಲ್ಲ, ಆ ಸಮಾಧಾನವೇ ಅವರನ್ನು ಇನ್ನಷ್ಟು ಕುಗ್ಗಿಸಿತು.

“ಕೊಡಕ್ಕ, ಇನ್ನೊಂದ್ಸಲ ನೋಡ್ತೀನಿ.”

ಅಕ್ಕ ದಿಂಬಿನ ಚೀಲ ತೆಗೆದು ಪ್ಲೇಯರ್ ಕೊಟ್ಟರು. ಮಾವ ಬಾಗಿಲು ಮುಂದೆ ಮಾಡಿಕೊಂಡು ಉದ್ದದ ತಿರುಪು ಹಾಕಿದರು. ಎರಡು ನಿಮಿಷದ ಕೆಲಸ. ಆದರೆ ಅರ್ಧ ಗಂಟೆ ಒಳಗೇ ಕೂತು ಸ್ಕ್ರೂಡ್ರೈವರಿನಿಂದ ಮೇಜನ್ನು ಟಕಟಕ ಬಡಿಯುತ್ತಿದ್ದರು, ಕೆಲಸ ಕಷ್ಟದ್ದು ಎಂದು ಹೊರಗೆ ಕೇಳಿಸಲಿ ಎಂದು.

ಬಾಗಿಲು ತೆಗೆದು, ಅಕ್ಕ ಬಂದು ಸ್ಟೂಲಿನ ಮೇಲೆ ಕೂತ ಮೇಲೆ, ಗುಂಡಿ ಮೂರಕ್ಕೆ ತಿರುಗಿಸಿದರು. ಹಾಡು ತಿಳಿನೀರಿನ ಹಾಗೆ ಬಂತು. ಅಕ್ಕ ಹಿತ್ತಲಿನಲ್ಲಿದ್ದ ಸೊಸೆಗೆ ಕೇಳುವಂತೆ ಕೂಗಿದರು: “ಕೇಳಿದ್ಯೇನೇ? ನನ್ನ ತಮ್ಮ ಸುಟ್ಟ ಸುರುಳೀನೂ ಬದುಕಿಸಿಬಿಟ್ಟ! ಅವನ ಕೈಗೆ ಚಿನ್ನದ ಕಡಗ ಹಾಕಬೇಕು.”

ಬೈದಿದ್ದರೆ ಮಾವ ತಡೆದುಕೊಳ್ಳುತ್ತಿದ್ದರು, ಈ ಹೊಗಳಿಕೆ ಚುಚ್ಚಿತು. ಮಾವ ಸ್ಟೂಲಿನ ಪಕ್ಕ ಬಗ್ಗಿ, ಉಸಿರಿನಲ್ಲೇ ಹೇಳಿದರು: “ಅಕ್ಕಾ, ಸುರುಳಿ ಸುಟ್ಟೇ ಇರಲಿಲ್ಲ. ತಂತಿ ಕಟ್ಟೋದು ನಾನೇ ಮರೆತಿದ್ದೆ.”

ಅಕ್ಕ ಎದ್ದು ಹೋಗಿ ಸೂಜಿ ಎತ್ತಿಟ್ಟರು.

“ನಾನು ಹೇಳಿದ್ನಲ್ಲ?”

“ಹೇಳಿದ್ದೆ.”

“ಅವತ್ತು ನೀನು ಅಂದಿದ್ದು ಎಲ್ಲರ ಮುಂದೆ. ಇದನ್ನ ಯಾಕೋ ಗುಟ್ಟಲ್ಲಿ ಹೇಳ್ತೀಯ?”

ಹಿತ್ತಲಿನವರೆಗೆ ಹದಿನೈದು ಹೆಜ್ಜೆ. ಮಗ ಸೈಕಲ್ ಒರೆಸುತ್ತಿದ್ದ, ಸೊಸೆ ಬಟ್ಟೆ ಹಿಂಡುತ್ತಿದ್ದಳು. ಮಾವ ತೊಳೆಯುವ ಕಲ್ಲನ್ನೇ ನೋಡುತ್ತಾ ಎಲ್ಲವನ್ನೂ ಒಪ್ಪಿಸಿದರು.

“ಮತ್ತೆ ಅರ್ಧ ಗಂಟೆ ಟಕಟಕ ಅಂತಿದ್ದದ್ದು?” ಮಗ ಕೇಳಿದ.

“ಸುಮ್ನೆ. ಮೇಜಿಗೆ ಹೊಡೀತಿದ್ದೆ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತು. ಸೊಸೆ ತಲೆ ತಗ್ಗಿಸಿದಳು. ಅವತ್ತು ಬಾಯಿಗೆ ಕೈ ಹಿಡಿದದ್ದು ಅವಳಿಗೂ ನೆನಪಾಗಿರಬೇಕು.

ಒಳಗೆ ಬಂದಾಗ ಅಕ್ಕ ಸೂಜಿ ಇಳಿಸಿ, ಒಣಗಿದ ಬಟ್ಟೆಯ ರಾಶಿ ಎದುರಿಗೆ ಎಳೆದುಕೊಂಡಿದ್ದರು. ಮಂಚದ ದೊಡ್ಡ ಹೊದಿಕೆ ಕೈಗೆತ್ತಿಕೊಂಡು ಅದರ ಒಂದು ತುದಿಯನ್ನು ಮಾವನತ್ತ ಚಾಚಿದರು.

“ಅಂಚಿಗೆ ಅಂಚು ಸೇರಿಸು. ಸೊಟ್ಟ ಮಾಡಬೇಡ.”

ಮಾವ ಸೇರಿಸಿದರು. ಸೊಟ್ಟವಾಯಿತು. ಬಿಚ್ಚಿ, ಕೊಡವಿ, ಮತ್ತೆ ಅಂಚು ಹುಡುಕಿದರು.