ಅಡ್ಡ ಬೆಂಚಿನ ಇಬ್ಬರು

ದೊಡ್ಡಬಳ್ಳಾಪುರದಲ್ಲಿ ನಾನು ಓದಿದ ಹೈಸ್ಕೂಲಿನವರು ಹೋದ ವರ್ಷ ನನ್ನನ್ನು ಕರೆಸಿ, ಶಾಲೆಯ ಮೊದಲ ವಿದ್ಯಾರ್ಥಿನಿ ಎಂದು ಶಾಲು ಹೊದಿಸಿದರು. ಶಾಲೆಯ ಚರಿತ್ರೆಯನ್ನೂ ನಾಲ್ಕು ಪುಟ ಬರೆದುಕೊಡಿ ಎಂದರು. ಬರೆಯಲು ಕೂತರೆ ಮೊದಲ ಸಾಲಿಗೇ ಪೆನ್ನು ನಿಲ್ಲುತ್ತದೆ. ದಾಖಲಾತಿ ಪುಸ್ತಕದಲ್ಲಿ ನನ್ನ ಹೆಸರು ಒಂದು ಸಾಲು ಮೇಲಿದೆ, ಅದಕ್ಕೆ ಈ ಮರ್ಯಾದೆ. ಕೆಳಗಿನ ಸಾಲಿನವಳು ಈಗ ಇಲ್ಲ. ಅವಳ ಓದನ್ನು ಹಾಳು ಮಾಡಿದವಳು ನಾನು.

ಚರಿತ್ರೆ ಅಂಥ ದೊಡ್ಡದೇನಲ್ಲ. ಮಹಾರಾಜರ ಕಾಲ, ದೂರದೇಶದಲ್ಲಿ ಯುದ್ಧ ನಡೆಯುತ್ತಿತ್ತು. ಮಿಡ್ಲ್ ಸ್ಕೂಲು ಮುಗಿದ ಮೇಲೂ ಓದಬೇಕೆಂದರೆ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಊರ ಹಿರಿಯರು ಅರ್ಜಿಯ ಮೇಲೆ ಅರ್ಜಿ ಹಾಕಿ ಹೈಸ್ಕೂಲಿನ ಮೊದಲ ತರಗತಿ, ಅಂದರೆ ನಾಲ್ಕನೇ ಫಾರಂ, ಮಂಜೂರು ಮಾಡಿಸಿಕೊಂಡರು. ಮಂಜೂರಾದದ್ದು ತರಗತಿ, ಕಟ್ಟಡವಲ್ಲ. ಹಾಗಾಗಿ ಪೇಟೆಯ ಛತ್ರದ ಹಾಲಿನಲ್ಲೇ ಪಾಠ. ಯಾವುದಾದರೂ ಮದುವೆ ದಿಬ್ಬಣ ಬಂದಿಳಿದಿದ್ದರೆ ಹಿಂದಿನ ಅಡುಗೆಮನೆಯ ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಮೇಷ್ಟ್ರೂ ನಾವೂ ಒಟ್ಟಿಗೆ ಸೀನುತ್ತಿದ್ದೆವು. ಗಂಟೆಯ ಬದಲು ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿದ್ದರು.

ಹೆಡ್‌ಮೇಷ್ಟ್ರು ಜರಿಪೇಟದ, ಮುಂಗೋಪದ, ಒಳ್ಳೆಯ ಮನುಷ್ಯ. ಹೆಣ್ಣುಮಕ್ಕಳೂ ಬರಬೇಕೆಂದು ಮನೆಮನೆಗೆ ಹೋಗಿ ಕೇಳಿದರು. ಎಲ್ಲರೂ ಕಾಫಿ ಕೊಟ್ಟರು, ಯಾರೂ ಹೆಣ್ಣು ಕೊಡಲಿಲ್ಲ ಎಂದು ಆಮೇಲೆ ತಾವೇ ನಗುತ್ತಿದ್ದರು. ಒಕ್ಕಲುತನದ ನಮ್ಮಪ್ಪ ದಾಕ್ಷಿಣ್ಯಕ್ಕೆ ಒಪ್ಪಿದರು. ಇನ್ನೊಬ್ಬಳು ಸಿಕ್ಕಿದ್ದು ನೇಕಾರರ ಬೀದಿಯಲ್ಲಿ. ಅವಳ ಅಪ್ಪ ನಮ್ಮ ಜಗಲಿಯ ಮೇಲೆ ಕೂತು ಹೇಳಿದ ಮಾತನ್ನು ನಾನು ಬಾಗಿಲ ಹಿಂದೆ ನಿಂತು ಕಿವಿಯಾರೆ ಕೇಳಿದ್ದೇನೆ.

“ಗೌಡ್ರೇ, ನಿಮ್ಮ ಮಗ್ಳು ಜೊತೇಲಿ ಇರೋವರ್ಗೂ ನಮ್ಮ ಹುಡುಗೀನ ಕಳಿಸ್ತೀನಿ. ನಿಮ್ಮೋಳು ಬಿಟ್ಟ ದಿನ ಅವ್ಳೂ ಬಿಟ್ಲು ಅಂದ್ಕೊಳಿ.”

ಆಗಿನ ಕಟ್ಟು ಅದು. ಹೆಣ್ಣಿಗೆ ಬಾವಿಗೆ ಹೋಗಲು ಜೊತೆ ಬೇಕು, ಗುಡಿಗೆ ಹೋಗಲು ಜೊತೆ ಬೇಕು, ಓದುವುದಕ್ಕೂ ಜೊತೆ ಬೇಕು. ‘ಜೊತೆಗೆ ಯಾರು?’ ಎಂಬ ಪ್ರಶ್ನೆಗೆ ಉತ್ತರವಿದ್ದರೆ ಮಾತ್ರ ಹೊಸ್ತಿಲು ದಾಟಬಹುದಿತ್ತು. ಅವಳ ಪಾಲಿಗೆ ಆ ಉತ್ತರ ನಾನು.

ಮೇಷ್ಟ್ರು ಬರುವವರೆಗೆ ನಾವಿಬ್ಬರೂ ಛತ್ರದ ಉಗ್ರಾಣದಲ್ಲಿ ನಿಂತಿರುತ್ತಿದ್ದೆವು. ಅವರು ಬಂದಾಗ ಅವರ ಹಿಂದೆ ಒಳಗೆ ಹೋಗಿ, ಮೇಜಿನ ಪಕ್ಕ ಅಡ್ಡಲಾಗಿ ಹಾಕಿದ ಬೆಂಚಿನ ಮೇಲೆ ಹುಡುಗರ ಕಡೆ ನೋಡದೆ ಕೂರುವುದು, ಅವರು ಎದ್ದಾಗ ಎದ್ದು ಅವರ ಹಿಂದೆಯೇ ಹೊರಗೆ ಬರುವುದು. ಉಗ್ರಾಣದ ಕತ್ತಲೆಯಲ್ಲಿ ಅವಳು ಹಿಂದಿನ ದಿನದ ಲೆಕ್ಕಗಳನ್ನು ಪಿಸುದನಿಯಲ್ಲಿ ನನಗೆ ಹೇಳಿಕೊಡುತ್ತಿದ್ದಳು. ಬೆಳಗಿನ ಜಾವ ಎದ್ದು ಅಪ್ಪನ ಮಗ್ಗದ ಲಾಳಿಗೆ ಬೇಕಾದ ನೂಲನ್ನೆಲ್ಲ ಕಂಡಿಕೆಗೆ ಸುತ್ತಿಟ್ಟು ಬರುವವಳು. ಆದರೂ ಆಲ್ಜೀಬ್ರಾ ಎಂದರೆ ಅವಳಿಗೆ ಕಡಲೆಪುರಿ. ತಾನೂ ಮುಂದೆ ಲೆಕ್ಕದ ಮೇಷ್ಟ್ರಾಗುತ್ತೇನೆ ಎನ್ನುತ್ತಿದ್ದಳು. ಹೆಂಗಸನ್ನು ಮೇಷ್ಟ್ರು ಅಂತಾರೇನೇ ಎಂದು ನಾನು ಗೇಲಿ ಮಾಡುತ್ತಿದ್ದೆ.

ನನಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಒಂದು ಪರೀಕ್ಷೆಯಾದ ಮೇಲೆ ಲೆಕ್ಕದ ಮೇಷ್ಟ್ರು ನನ್ನ ಉತ್ತರ ಪತ್ರಿಕೆಯನ್ನು ಎತ್ತಿ ಹಿಡಿದು, ಗೌಡರ ಮಗಳು ನೇಕಾರರ ಹುಡುಗಿಯಿಂದ ಪಾಠ ಹೇಳಿಸಿಕೊಳ್ಳಲಿ ಎಂದರು. ಹುಡುಗರು ನಕ್ಕರು. ಅವಳು ನಗಲಿಲ್ಲ, ಬೆಂಚಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ನಾನು ಕೈ ಕೊಸರಿಕೊಂಡೆ. ನಾನು ಗೌಡರ ಮಗಳು ಎಂಬ ಕೊಬ್ಬು ಹದಿನಾಲ್ಕು ವರ್ಷಕ್ಕೇ ನನ್ನಲ್ಲಿ ತುಂಬಿತ್ತು. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮಾರನೆಯ ದಿನ ಹೊಟ್ಟೆನೋವು ಎಂದು ಮಲಗಿದೆ. ಹೊಟ್ಟೆಗೆ ಏನೂ ಆಗಿರಲಿಲ್ಲ. ಅವಳು ಪುಸ್ತಕ ಎದೆಗವಚಿಕೊಂಡು ಬಂದು, ಅವ್ವನ ಹತ್ತಿರ ವಿಚಾರಿಸಿ, ಬಂದ ದಾರಿಯಲ್ಲೇ ಮನೆಗೆ ಹೋದಳು. ಪಕ್ಕದ ಬೀದಿಯಿಂದ ನಮ್ಮ ಮನೆಯವರೆಗೆ ಒಬ್ಬಳೇ ಬರಬಹುದಿತ್ತು; ಛತ್ರ ಕೂಗಳತೆಯಲ್ಲಿದ್ದರೂ ಅಷ್ಟು ಹುಡುಗರ ನಡುವೆ ಒಬ್ಬಳೇ ಹೋಗುವಂತಿಲ್ಲ. ಅದನ್ನು ಕಿಟಕಿಯಿಂದ ನೋಡಿ ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಖುಷಿಯೇ ಆಯಿತು. ಮರುದಿನವೂ ಮಲಗಿದೆ, ಅದರ ಮರುದಿನವೂ. ದಿನಾ ಅವಳು ಬಂದಳು, ದಿನಾ ವಾಪಸು ಹೋದಳು. ಒಂದು ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು.

ಹೆಡ್‌ಮೇಷ್ಟ್ರು ಮನೆಗೇ ಬಂದರು. ಅಪ್ಪ ನನ್ನನ್ನು ಕರೆದು, ಹೋಗ್ತೀಯೋ ಬಿಡ್ತೀಯೋ ನೀನೇ ಹೇಳು ಎಂದರು. ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳಿದ್ದೇ ಇಲ್ಲ, ಕೇಳಿದ್ದು ಅದೊಂದೇ ಸಲ. ಹೆಡ್‌ಮೇಷ್ಟ್ರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಅವರ ಬೋಳುತಲೆಯನ್ನು ನಾನು ಕಂಡದ್ದು ಅಂದೇ ಮೊದಲು.

“ನೀನೊಬ್ಳು ಬಿಟ್ರೆ ಇಬ್ರು ಬಿಟ್ಟಂಗೆ ಕಣಮ್ಮಾ,” ಎಂದರು.

ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ, ನಂಗೆ ಓದು ಬೇಡ ಎಂದೆ. ಅಪ್ಪನಿಗೆ ತಲೆಮೇಲಿನ ಹೊರೆ ಇಳಿದಂತಾಯಿತು.

ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಬಂದಳು. ಹೆಡ್‌ಮೇಷ್ಟ್ರು ಇನ್ನೂ ಅವರ ಬೀದಿಗೆ ಹೋಗಿರಲಿಲ್ಲ, ಅವಳಿಗೆ ಸುದ್ದಿ ತಿಳಿದಿರಲಿಲ್ಲ. ಕೈಯಲ್ಲಿ ಎರಡು ನೋಟ್‌ಪುಸ್ತಕಗಳಿದ್ದವು. ಯುದ್ಧದಿಂದಾಗಿ ಕಾಗದ ಸಿಗದ ದಿನಗಳು. ನೂಲಿನ ಕಟ್ಟುಗಳಿಗೆ ಸುತ್ತಿ ಬರುತ್ತಿದ್ದ ಒರಟು ಕಾಗದವನ್ನು ಕತ್ತರಿಸಿ, ಮಗ್ಗದ ನೂಲಿನಲ್ಲೇ ಹೊಲಿದಿದ್ದಳು. ನಾವು ತಪ್ಪಿಸಿಕೊಂಡ ದಿನಗಳ ಲೆಕ್ಕವನ್ನೆಲ್ಲ ಪಠ್ಯಪುಸ್ತಕ ನೋಡಿಕೊಂಡು ತಾನೇ ಬಿಡಿಸಿ, ಎರಡೆರಡು ಸಲ ಬರೆದಿದ್ದಳು.

“ನಿಂದೊಂದು, ನಂದೊಂದು. ನಿಂಗೆ ವಾಸಿಯಾದ್ಮೇಲೆ ಹಿಂದೆ ಬೀಳೋದು ಬೇಡ ಕಣೇ.”

ನಾನು ಓದು ಬಿಟ್ಟೆ ಎಂದೆ. ಅಪ್ಪ ಬಿಡಿಸಿದರೇ ಎಂದು ಕೇಳಿದಳು. ಹೂಂ ಎಂದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಲ್ಲ, ನಾನೇ ಬಿಟ್ಟೆ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು.

“ಬಿಡೋ ಮುಂಚೆ ನನ್ನೊಂದ್ಮಾತು ಕೇಳ್ಬಾರ್ದಿತ್ತಾ?”

ಅವಳು ಎರಡೂ ಪುಸ್ತಕಗಳನ್ನು ನನ್ನ ಕೈಗೆ ಹಾಕಿದಳು.

“ಎರಡೂ ನೀನೇ ಇಟ್ಕೋ. ಮನೇಲಿದ್ರೆ ನೋಡ್ತಾ ಕೂತ್ಬಿಡ್ತೀನಿ, ಕೆಲ್ಸ ಸಾಗಲ್ಲ.”

ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಮೆಟ್ಟಿಲಿಳಿದು ಹೊರಟಳು. ಅಪ್ಪ ಇನ್ನೂ ಹೊಲಕ್ಕೆ ಹೊರಡದೆ ಜಗಲಿಯ ಮೇಲೇ ಇದ್ದರು, ಛತ್ರದ ಗಂಟೆ ಇನ್ನೂ ಹೊಡೆದಿರಲಿಲ್ಲ. ತಡಿಯೇ, ನಾನೂ ಬರ್ತೀನಿ ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅವಳು ಬೀದಿಯ ತಿರುವು ದಾಟುವವರೆಗೂ ಸಮಯವಿತ್ತು. ನಾನು ಕೂಗಲಿಲ್ಲ.