ಊರ ಹೆಸರು ಹೇಳದ ಟ್ರಂಕ್ ಕಾಲ್

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕೊಪ್ಪಳದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಯಲಬುರ್ಗಾದಿಂದ ಗಂಗಾವತಿಗೆ ಹೋಗುವ ಟ್ರಂಕ್ ಕಾಲ್ ನನ್ನ ಕೈ ದಾಟಿಯೇ ಹೋಗಬೇಕು. ಫೋನ್ ಎತ್ತಿದವರಿಗೆ ಎಲ್ಲಿಯ ಕಾಲ್ ಎಂದು ಹೇಳಿ ಜೋಡಿಸುವುದು ರೂಢಿ.

ಪ್ರತಿ ಸೋಮವಾರ ಯಲಬುರ್ಗಾದಿಂದ ಒಬ್ಬ ಹೆಂಗಸು ತಾಯಿಗೆ ಫೋನ್ ಮಾಡುತ್ತಿದ್ದಳು. ತಾಯಿ ಮರಳಿ ಎಂಬ ಹಳ್ಳಿಯಿಂದ ಗಂಗಾವತಿಯ ಸಂತೆಗೆ ಬಂದವಳು ಒಂದು ಅಕ್ಕಿ ಅಂಗಡಿಯಲ್ಲಿ ಕಾಯುತ್ತಿದ್ದಳು. ಬೇರೆ ಫೋನ್ ಅವಳಿಗೆ ಸಿಗುವಂತಿರಲಿಲ್ಲ. ಆದರೆ ಅಲ್ಲಿ ಫೋನ್ ಎತ್ತುವ ಗುಮಾಸ್ತ ಅಳಿಯನ ಕಡೆಯವನು.

ಮೊದಲ ಸಲ ಜೋಡಿಸುವ ಮುನ್ನವೇ ಮಗಳು ನನಗೆ ಹೇಳಿದ್ದಳು: "ಅಕ್ಕಾರ, ಊರ ಹೆಸರು ಹೇಳಬ್ಯಾಡ್ರಿ. ಗಂಡ ಹುಡುಕಾಕ ಹತ್ಯಾನ. ಒಂದ್ಸಲ ಕೈ ಮುರದಾನ. ಈ ಸಲ ಸಿಕ್ರ ನಾ ಉಳಿಯಂಗಿಲ್ಲ."

ಅಂದಿನಿಂದ ನಾನು ಬರೀ "ಕಾಲ್ ಐತ್ರಿ" ಎಂದು ಜೋಡಿಸುತ್ತಿದ್ದೆ.

ಒಂದು ಮಧ್ಯಾಹ್ನ ಅವಳ ಗಂಡನೇ ಎಕ್ಸ್‌ಚೇಂಜಿನ ಬಾಗಿಲಿಗೆ ಬಂದ. ಬಿಳಿ ಅಂಗಿ, ತಣ್ಣನೆಯ ಮಾತು.

"ನನ್ನ ಹೆಂಡ್ತಿ ಕಾಲ್ ಕೊಪ್ಪಳದಿಂದ ಬಂತು ಅಂತಾರ ಗಂಗಾವತಿಯವರು. ಕೊಪ್ಪಳಕ್ಕ ಎಲ್ಲಿಂದ ಬಂತು?"

"ದಿನಾ ಎಷ್ಟೋ ಕಾಲ್ ಬರ್ತಾವ, ಹೋಗ್ತಾವ. ನೆನಪಿರಂಗಿಲ್ರಿ."

ಅವನು ಹೊರಟು ಹೋದ.

ಮುಂದೆ ಅಕ್ಕನ ಹೆರಿಗೆಗೆಂದು ಎಂಟು ದಿನ ರಜೆ ಹಾಕಿ ಕುಷ್ಟಗಿಗೆ ಹೋದೆ. ನನ್ನ ಜಾಗಕ್ಕೆ ಬಂದವಳಿಗೆ ಈ ವಿಷಯ ಹೇಳಬೇಕೆನಿಸಿತು. ಆದರೆ ರೂಢಿ ಮುರಿದಿದ್ದು ಸಾಹೇಬರ ಕಿವಿಗೆ ಬಿದ್ದರೆ ನೌಕರಿ ಹೋದೀತೆಂದು ಹೆದರಿ ಹೇಳಲಿಲ್ಲ. ಒಂದು ಸೋಮವಾರ ತಾನೆ ಎಂದುಕೊಂಡೆ.

ವಾಪಸು ಬಂದ ಮೇಲಿನ ಸೋಮವಾರ ಕಾಲ್ ಬರಲಿಲ್ಲ. ಯಲಬುರ್ಗಾದ ಆಪರೇಟರನ್ನು ಕೇಳಿದೆ.

"ಆ ಹೆಣ್ಮಗಳನ್ನ ಗುರುವಾರ ಜೀಪಿನ್ಯಾಗ ಎಳಕೊಂಡು ಹೋದ್ರು. ಬಸ್ ಸ್ಟ್ಯಾಂಡ್ ತುಂಬ ಜನ ಇದ್ರು. ಯಾರೂ ಬಿಡಿಸ್ಲಿಲ್ಲ."

ರಜೆಯಲ್ಲಿ ನನ್ನ ಬದಲು ಕೂತವಳನ್ನು ಕೇಳಿದರೆ ಕಣ್ಣರಳಿಸಿದಳು: "ಯಲಬುರ್ಗಾ ಕಾಲ್ ಅಂತ ಹೇಳಿದೆ. ಎಲ್ಲಾರೂ ಹಂಗ ಹೇಳ್ತೀವಲ್ಲ?"

ಅಂಗಡಿಗೆ ನಾನೇ ಫೋನ್ ಹಚ್ಚಿದೆ. ಸಂತೆಗೆ ಬಂದಿದ್ದ ತಾಯಿಯನ್ನು ಗುಮಾಸ್ತ ಕರೆದ.

"ಕೊಪ್ಪಳ ಎಕ್ಸ್‌ಚೇಂಜಿನಿಂದ್ರಿ. ಮಗಳು ಹ್ಯಾಂಗದಾಳ?"

"ಅದಾಳ. ಹಾಸಿಗಿ ಬಿಟ್ಟು ಏಳಂಗಿಲ್ಲ. ಮಾತೂ ಇಲ್ಲ." ಆಮೇಲೆ ಕೇಳಿದಳು, "ಊರ ಹೆಸರು ನೀನ ಹೇಳಿದ್ಯೇನವ್ವಾ?"

"ನಾ ಅಲ್ರಿ," ಎಂದೆ. ರಜೆಗೆ ಹೋಗುವಾಗ ಬದಲಿಯವಳಿಗೆ ತಿಳಿಸದೆ ಹೋದದ್ದನ್ನು ಮಾತ್ರ ಹೇಳಲಿಲ್ಲ.

ಆಕೆ ಫೋನ್ ಇಡಲಿಲ್ಲ. ಕೊನೆಗೆ ಗುಮಾಸ್ತ ಅವಳ ಕೈಯಿಂದ ಫೋನ್ ತೆಗೆದುಕೊಂಡು, "ಮುಗೀತೇನ್ರಿ?" ಎಂದ. ನಾನು ಬೋರ್ಡಿನಿಂದ ವೈರ್ ಕಿತ್ತು ಲೈನ್ ಬಿಡಿಸಿದೆ.