ಕೈ ತಡೆಯುವಷ್ಟು ಬಿಸಿ

ನನ್ನ ಮಗಳಿಗೆ ನಾನು ಒಂದು ದಿನವೂ ನೀರು ಎರೆಯಲಿಲ್ಲ. ಅವಳು ಹುಟ್ಟಿದ ನಲವತ್ತನೆಯ ದಿನಕ್ಕೆಲ್ಲ ನಾನು ಸೆರಗು ಸಿಕ್ಕಿಸಿಕೊಂಡು ಇಡ್ಲಿ ಪಾತ್ರೆಯ ಮುಂದೆ ನಿಂತಿದ್ದೆ. ಗೋವಿಂದರಾಜನಗರದಲ್ಲಿ ನಮ್ಮ ಮನೆಯ ಕೆಳಗೇ ತಿಂಡಿ ಅಂಗಡಿ. ಬೆಳಗ್ಗೆ ಐದಕ್ಕೆ ಒಲೆ ಹಚ್ಚಿದರೆ ಹನ್ನೊಂದರವರೆಗೆ ಕೈಗೆ ಬಿಡುವಿಲ್ಲ. ಮಗುವಿಗೆ ನೀರು ಹಾಕುವ ಹೊತ್ತೂ ಅದೇ. ಮೇಲೆ ಬಚ್ಚಲಲ್ಲಿ ನಮ್ಮಮ್ಮ ಕಾಲು ಚಾಚಿ ಕೂತು ಮೊಮ್ಮಗಳಿಗೆ ಎರೆಯುತ್ತಿದ್ದರೆ, ಆ ನೀರು ಅಂಗಡಿಯ ಹಿಂಗೋಡೆಯ ಪೈಪಿನಲ್ಲಿ ಇಳಿದು ಮೋರಿಗೆ ಹೋಗುತ್ತಿತ್ತು. ಮಗಳ ಸ್ನಾನವೆಂದರೆ ನನ್ನ ಪಾಲಿಗೆ ಆ ಪೈಪಿನ ಸದ್ದು. ಸದ್ದು ನಿಂತಾಗ, ಈಗ ಟವೆಲಿನಲ್ಲಿ ಸುತ್ತಿರುತ್ತಾರೆ ಎಂದುಕೊಳ್ಳುತ್ತಾ ಇನ್ನೊಂದು ತಟ್ಟೆ ಇಳಿಸುತ್ತಿದ್ದೆ.

ಆ ಹೊಟ್ಟೆಕಿಚ್ಚು ನನಗೆ ಇಪ್ಪತ್ತೇಳು ವರ್ಷ ಹೋಗಲಿಲ್ಲ. ಹೆತ್ತ ತಾಯಿಯ ಮೇಲೆ ಹೊಟ್ಟೆಕಿಚ್ಚು ಪಡುವುದೇ ಎಂದು ಯಾರಾದರೂ ಕೇಳಿದರೆ, ಹೌದು, ಪಟ್ಟೆ. ಅದಕ್ಕೇ ಮಗಳು ಬಸುರಿ ಎಂದು ತಿಳಿದ ದಿನವೇ ಗಲ್ಲಾದ ಹಿಂದೆ ಕೂತಿದ್ದ ಗಂಡನಿಗೆ ಹೇಳಿಬಿಟ್ಟೆ: "ಬಾಣಂತನ ಮುಗಿಯೋವರ್ಗೂ ನಾನು ಕೆಳಗೆ ಇಳಿಯಲ್ಲ. ಅಡುಗೆಯವರನ್ನ ಇಟ್ಕೊಳ್ತೀರೋ, ಬಾಗಿಲು ಹಾಕ್ತೀರೋ, ನಿಮ್ಮಿಷ್ಟ." ಅವರು ಒಬ್ಬ ಭಟ್ಟರನ್ನು ಹುಡುಕಿಕೊಂಡರು. ಆ ಭಟ್ಟರ ಇಡ್ಲಿ ಕಲ್ಲಿನಂತಿರುತ್ತಿತ್ತು. ನನಗೆ ಅದೂ ಒಳಗೊಳಗೇ ಖುಷಿಯೇ.

ಹೆಣ್ಣು ಮಗು. ಮೊದಲ ಹೆರಿಗೆ ತವರಿನದು, ಎರೆಯುವ ಹಕ್ಕೂ ತವರಿನ ಅಜ್ಜಿಯದು. ಹೊಕ್ಕುಳ ಬಳ್ಳಿ ಬಿದ್ದ ಮೇಲೆ ನಮ್ಮಮ್ಮ ಬಿಟ್ಟುಹೋಗಿದ್ದ ಅದೇ ಮಣೆಯ ಮೇಲೆ ಕೂತು, ಕಾಲು ನೀಡಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡೆ. ಕೊಬ್ಬರಿ ಎಣ್ಣೆ ಹಚ್ಚಿ ನೀವಿದೆ. ಕಡಲೆಹಿಟ್ಟು ಹಚ್ಚಿ ತೊಳೆದೆ. ಕೊನೆಯ ಚೊಂಬನ್ನು ನಿವಾಳಿಸಿ ಬಚ್ಚಲಿಗೆ ಚೆಲ್ಲಿದೆ. ಮಗು ಕಿರುಚಿ ಕಿರುಚಿ ಅತ್ತಿತು. ಅಳಲಿ, ಎದೆ ಗಟ್ಟಿಯಾಗುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದ ಮಾತನ್ನು ನಾನೂ ಹೇಳಿದೆ. ಸಾಂಬ್ರಾಣಿ ಹೊಗೆ ಹಿಡಿದು ಮಲಗಿಸಿದರೆ ಮೂರು ಗಂಟೆ ಗಾಢ ನಿದ್ದೆ. "ನೋಡ್ದಾ, ನೀರು ಹಾಕಿದ ಕೈ ಯಾರ್ದು" ಎಂದು ಮಗಳ ಮುಂದೆ ಜಂಬ ಕೊಚ್ಚಿಕೊಂಡೆ. ಆ ಕೂಸು ಅತ್ತು ಸುಸ್ತಾಗಿ ಮಲಗುತ್ತಿತ್ತು ಎಂದು ನನಗೆ ಹೊಳೆಯಲಿಲ್ಲ.

ಎರಡನೆಯ ವಾರಕ್ಕೆ ಮಗುವಿನ ಬೆನ್ನು, ತೊಡೆಯ ಸಂದು ಕೆಂಪಾಗತೊಡಗಿತು. ಆಮೇಲೆ ಚರ್ಮ ಒಣಗಿ, ಹಪ್ಪಳದ ಹಿಟ್ಟು ಬಿರಿದ ಹಾಗೆ ಬಿರಿಯಿತು. ಮಗಳು ಹೆದರಿದಳು. ನಾನು ಹೆದರಲಿಲ್ಲ, ಸಿಟ್ಟಾದೆ. ನನಗೆ ಹೆದರಿಕೆ ಬರುವುದು ಯಾವತ್ತೂ ಸಿಟ್ಟಿನ ವೇಷದಲ್ಲೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಒಂದೊಂದನ್ನೇ ಹಿಡಿದು ಬೈಯುತ್ತಾ ಹೋದೆ. ಮೊದಲು ಬೋರ್‌ವೆಲ್ ನೀರು ಗಡಸು ಎಂದೆ. ಕ್ಯಾನ್ ನೀರು ತರಿಸಿ ಕಾಯಿಸಿದೆ, ಕೆಂಪು ಹೋಗಲಿಲ್ಲ. ಬಟ್ಟೆ ಒಗೆಯುವ ಪುಡಿ ಬದಲಾಯಿಸಿದೆ. ಆಮೇಲೆ ಮಗಳ ಊಟಕ್ಕೆ ಕೈ ಹಾಕಿದೆ. ಅವಳು ಒಂದು ಹೋಳು ಬದನೆಕಾಯಿ ತಿಂದಿದ್ದಳಂತೆ. ಅದೇ ಹಾಲಿಗೆ ಹೋಗಿ ಮಗುವಿಗೆ ನಂಜಾಗಿದೆ ಎಂದು ತೀರ್ಮಾನಿಸಿ, ಮೂರು ವಾರ ಅವಳಿಗೆ ಮೆಣಸಿನ ಸಾರು ಅನ್ನ ಬಿಟ್ಟು ಬೇರೆ ಹಾಕಲಿಲ್ಲ. "ಅಮ್ಮ, ಹಸಿವು ಕಣೇ" ಎಂದು ಅವಳು ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಊರಿಗೆಲ್ಲ ತಿಂಡಿ ಹಾಕಿದ ನಾನು, "ಬಾಯಿ ಚಪಲಾನ ಸ್ವಲ್ಪ ಕಟ್ಟಿಡು" ಎಂದೆ. ಅದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಕೊನೆಗೆ ಸಿಕ್ಕಿದ್ದು ಬೀಗಿತ್ತಿ. ಮಗು ಹುಟ್ಟಿದ ವಾರ ಕೆಂಗೇರಿಯಿಂದ ಮೊಮ್ಮಗಳನ್ನು ನೋಡಲು ಬಂದಿದ್ದಾಗಲೇ ಅವರು ಒಂದು ಡಬ್ಬ ತುಂಬ ಮಗುವಿನ ಸೋಪು, ಪೌಡರು, ನಾಲ್ಕು ಫ್ರಾಕು ತಂದಿದ್ದರು. ಮತ್ತೆ ಬಂದಾಗ ಮಗುವಿನ ಬೆನ್ನು ನೋಡಿ ಅವರ ಮುಖ ಬಾಡಿತು. "ಒಂದ್ಸಲ ನೀರು ಹಾಕೋದನ್ನ ನಾನೂ ನೋಡ್ಲಾ?" ಎಂದು ಮೆಲ್ಲಗೆ ಕೇಳಿದರು. ನನ್ನ ಮೈಯೆಲ್ಲ ಉರಿಯಿತು. "ನೀವು ತಂದ ಸೋಪು ಹಾಕಿದ ಮೇಲೇನೇ ಹೀಗಾಗಿದ್ದು. ನಮ್ಮನೇಲಿ ಎರೆಯೋಕೆ ಯಾರೂ ಹೇಳ್ಕೊಡ್ಬೇಕಾಗಿಲ್ಲ" ಎಂದೆ. ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಆ ಸೋಪಿನ ಕಟ್ಟನ್ನು ನಾನು ಒಡೆದೇ ಇರಲಿಲ್ಲ. ಅದು ನನಗೂ ಗೊತ್ತಿತ್ತು, ಪಕ್ಕದಲ್ಲಿ ಕೂತಿದ್ದ ಮಗಳಿಗೂ ಗೊತ್ತಿತ್ತು.

ಮಗಳು ಹಟ ಮಾಡಿ ವಿಜಯನಗರದ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ವಯಸ್ಸಾದ ಹೆಂಗಸು, ಸಾವಧಾನದವರು. ಮಗುವಿನದು ತುಂಬ ಸೂಕ್ಷ್ಮ ಚರ್ಮ ಎಂದರು. ಕಡಲೆಹಿಟ್ಟು ಬಿಡಿ, ಸಾಂಬ್ರಾಣಿ ಬಿಡಿ, ಉಜ್ಜಬೇಡಿ, ಟವೆಲಿನಿಂದ ಒತ್ತಿ ಒರೆಸಿ, ಒದ್ದೆ ಇರುವಾಗಲೇ ಈ ಕ್ರೀಮು ಹಚ್ಚಿ ಎಂದರು. ಒಂದೊಂದು ಮಾತೂ ನನಗೆ ಒಂದೊಂದು ಏಟು. ಕೊನೆಗೆ, "ನೀರು ಎಷ್ಟು ಬಿಸಿ ಇರುತ್ತಮ್ಮ?" ಎಂದು ಕೇಳಿದರು.

"ಕೈ ತಡೆಯೋಷ್ಟು ಮೇಡಂ. ಕೈ ಇಟ್ಟು ನೋಡ್ದೇ ಒಂದು ಚೊಂಬೂ ಹಾಕಲ್ಲ" ಎಂದೆ.

ಅವರು ತಲೆಯಾಡಿಸಿದರು. ಮಗಳೂ ತಲೆಯಾಡಿಸಿದಳು. ಯಾವ ಮನೆಯಲ್ಲಿ ಕೇಳಿದರೂ ಇದೇ ಉತ್ತರ ಬರುತ್ತದೆ, ಅದು ಸರಿಯಾದ ಉತ್ತರವೇ. ನನ್ನ ಕೈ ಎಂಥದು ಎಂದು ಕೇಳಬೇಕೆಂದು ಅವರಿಗಾದರೂ ಹೇಗೆ ತೋಚಬೇಕು.

ಕಡಲೆಹಿಟ್ಟು ಬಿಟ್ಟೆ, ಹೊಗೆ ಬಿಟ್ಟೆ, ಕ್ರೀಮು ಹಚ್ಚಿದೆ. ಕೆಂಪು ಸ್ವಲ್ಪ ತಗ್ಗಿತು, ಹೋಗಲಿಲ್ಲ. ಮಗಳು ತಾನೇ ನೀರು ಹಾಕುತ್ತೇನೆ ಎಂದಾಗ, "ಬಾಣಂತಿ ಬಗ್ಗಿ ಎದ್ದು ಮಾಡ್ಬಾರ್ದು, ಸೊಂಟ ಹಿಡ್ಕೊಳ್ಳುತ್ತೆ" ಎಂದು ಗದರಿಸಿದೆ. ಸೊಂಟದ ಚಿಂತೆ ಸುಳ್ಳಲ್ಲ. ಆದರೆ ಮಗುವನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ನಿಜ. ಅವಳಿಗೂ ನಾನೇ ದಿನಾ ನೀರು ಹಾಕುತ್ತಿದ್ದೆ. ಒಂದೊಂದು ಚೊಂಬಿಗೂ ಅವಳು "ಅಮ್ಮ, ಸುಡ್ತಿದೆ" ಎನ್ನುತ್ತಿದ್ದಳು. ಬಾಣಂತಿಯ ನೀರು ಸುಡಬೇಕು, ಹಾಗೆ ಸುಟ್ಟರೇ ಮೈ ಗಟ್ಟಿ, ಇದು ಯಾರಿಗೆ ಗೊತ್ತಿಲ್ಲ? ಅವಳೂ ಹಾಗೆಂದೇ ನಂಬಿ ಹಲ್ಲು ಕಚ್ಚಿ ಕೂತಳು. ಹೀಗಾಗಿ ಮನೆಯಲ್ಲಿ ಸುಡುವ ನೀರಿನ ಮಾತು ದಿನಾ ಆಡಿದರೂ ಅದು ಯಾರ ತಲೆಗೂ ಹೋಗಲಿಲ್ಲ.

ಮಗುವಿಗೆ ಎರಡು ತಿಂಗಳು ತುಂಬಿ ಒಂದು ವಾರ ಕಳೆದಿತ್ತು. ಬೆಳಗಿನ ಹತ್ತು ಗಂಟೆ. ನಾನು ಬಕೆಟ್ಟಿನಲ್ಲಿ ನೀರು ಬೆರೆಸಿಟ್ಟು, ಮಣೆಯ ಮೇಲೆ ಕೂತು ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. ಟವೆಲು ಕೊಡಲು ಬಂದ ಮಗಳ ಕೈ ಜಾರಿ ಅದರ ಅಂಚು ಬಕೆಟ್ಟಿಗೆ ಬಿತ್ತು. ಎತ್ತಲು ಕೈ ಹಾಕಿದವಳು ಸರಕ್ಕನೆ ತೆಗೆದಳು. ಕೈ ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು.

"ಅಮ್ಮ, ಈ ನೀರು ನನಗಾ?"

"ನಿನಗ್ಯಾಕೆ, ಮಗೂಗೆ. ಕೈ ಇಟ್ಟು ನೋಡೇ ಬೆರೆಸಿದೀನಿ."

ಅವಳು ಮಗುವನ್ನು ನನ್ನ ಕಾಲ ಮೇಲಿಂದ ಎತ್ತಿ ಹೆಗಲಿಗೆ ಹಾಕಿಕೊಂಡಳು. "ಇನ್ನೊಂದ್ಸಲ ಇಡು" ಎಂದಳು. ನಾನು ಬಕೆಟ್ಟಿನಲ್ಲಿ ಕೈ ಅದ್ದಿದೆ. "ಏನನ್ಸುತ್ತೆ?" "ಬೆಚ್ಚಗಿದೆ" ಎಂದೆ. ಅವಳು ನನ್ನ ತೋಳು ಹಿಡಿದು, ಮೊಣಕೈಯನ್ನು ನೀರಿಗೆ ಅದ್ದಿದಳು. ನಾನು ಹಾ ಎಂದು ಎಳೆದುಕೊಂಡೆ.

ಮೂವತ್ತು ವರ್ಷ ಹಬೆಯಿಂದ ಇಡ್ಲಿ ತಟ್ಟೆಯನ್ನು ಬರಿಗೈಯಲ್ಲಿ ಇಳಿಸಿದ ಕೈ ಅದು. ಕಾದ ಕಾವಲಿಯ ಮೇಲೆ ಮಗುಚಿ ಬಿದ್ದ ದೋಸೆಯನ್ನು ಬೆರಳಲ್ಲೇ ತಿರುಗಿಸಿದ ಕೈ. ಬಟ್ಟೆ ಹುಡುಕುತ್ತಾ ನಿಂತರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಆಂಟಿ ಕೈಗೆ ಬೆಂಕಿನೂ ಹೆದರುತ್ತೆ ಎಂದು ಹುಡುಗರು ಹೊಗಳಿದರೆ ನಾನು ಉಬ್ಬುತ್ತಿದ್ದೆ. ಆ ಕೈಯ ಚರ್ಮ ದಪ್ಪಗಾಗಿ ಅದಕ್ಕೆ ಬಿಸಿ ತಿಳಿಯುವುದೇ ನಿಂತುಹೋಗಿದೆ ಎಂದು ಯಾರು ಹೇಳಬೇಕಿತ್ತು? ನಾನೇ ತಿಳಿದುಕೊಳ್ಳಬೇಕಿತ್ತು. ಎರೆಯುವಾಗ ಅದೇ ನೀರು ನನ್ನ ಕಾಲ ಮೇಲೂ ಬೀಳುತ್ತಿತ್ತಲ್ಲ. ಕಾಲಿಗೆ ಬಿಸಿ ಚೆನ್ನಾಗಿಯೇ ತಟ್ಟುತ್ತಿತ್ತು. ಆದರೆ ಒಲೆಯ ಮುಂದೆ ನಿಂತು ನಿಂತು ಸೋತ ಕಾಲಿಗೆ ಅದು ಹಿತವಾಗಿತ್ತು. ಆಹಾ ಎಂದುಕೊಂಡು ಎರೆದೆ. ಹಿತ ನನಗೆ, ಉರಿ ಆ ಕೂಸಿಗೆ.

ಮಗಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಅಂದು ಅವಳೇ ತಣ್ಣೀರು ಬೆರೆಸಿ, ಮೊಣಕೈ ಇಟ್ಟು ನೋಡಿ, ಮಗುವಿಗೆ ನೀರು ಹಾಕಿದಳು. ಸೊಂಟದ ಮಾತನ್ನು ನಾನೂ ಎತ್ತಲಿಲ್ಲ. ಮಗು ಮೊದಲು ಮುಖ ಕಿವುಚಿತು, ಆಮೇಲೆ ಸುಮ್ಮನಾಗಿ ಅವಳನ್ನೇ ನೋಡುತ್ತಾ ಮಲಗಿತ್ತು. ಎರಡು ವಾರದಲ್ಲಿ ಬೆನ್ನಿನ ಕೆಂಪು ಮಾಯವಾಯಿತು. ದಿನಾ ಸಂಜೆ ಆ ಬೆನ್ನನ್ನು ನೋಡಿ ನೆಮ್ಮದಿಯೂ ಆಗುತ್ತಿತ್ತು, ನನ್ನನ್ನೇ ಹೊಡೆದುಕೊಳ್ಳಬೇಕು ಅಂತಲೂ ಅನ್ನಿಸುತ್ತಿತ್ತು.

ಒಂದು ದಿನ ಮಗುವಿನ ಬಟ್ಟೆ ಮಡಿಸುತ್ತಾ ಮಗಳು ಕೇಳಿದಳು: "ನನಗೂ ಹೀಗೇ ಸುಡ್ ಸುಡೋ ನೀರು ಹಾಕ್ತಿದ್ಯಾ ಅಮ್ಮ?"

"ನಿನಗೆ ನಾನು ಹಾಕ್ಲೇ ಇಲ್ಲ ಕಣೇ. ಅಜ್ಜಿ ಹಾಕಿದ್ದು. ನಾನು ಕೆಳಗೆ ಇಡ್ಲಿ ಬೇಯಿಸ್ತಿದ್ದೆ."

"ಸದ್ಯ" ಎಂದಳು. ತಮಾಷೆಗೇ ಅಂದಿರಬೇಕು. ನಕ್ಕಳು ಕೂಡ.

ಮೂರನೆಯ ತಿಂಗಳಲ್ಲಿ ಅವಳು ಮಗುವನ್ನು ಕರೆದುಕೊಂಡು ಕೆಂಗೇರಿಗೆ ಹೋದಳು. ಐದು ತಿಂಗಳವರೆಗೆ ಇರುತ್ತೇನೆ ಎಂದು ಮೊದಲು ಹೇಳಿದ್ದಳು, ಯಾಕೆ ಬೇಗ ಎಂದು ನಾನು ಕೇಳಲಿಲ್ಲ. ನಾನು ಮತ್ತೆ ಅಂಗಡಿಗೆ ಇಳಿದೆ. ಇಡ್ಲಿ ತಟ್ಟೆ ಇಳಿಸಲು ಈಗ ಬಟ್ಟೆ ಹಿಡಿಯುತ್ತೇನೆ. ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ವಾರಕ್ಕೊಮ್ಮೆ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಮೊಮ್ಮಗಳನ್ನು ನೋಡಿ ಬರುತ್ತೇನೆ. ಬೀಗಿತ್ತಿಗೆ ಮಗಳು ಎಲ್ಲ ಹೇಳಿದ್ದಳು. "ಬಿಡಿ, ನೀವೇನು ಬೇಕೂಂತ ಮಾಡಿದ್ರಾ" ಎಂದು ಅವರು ನನಗೆ ಕಾಫಿ ಕೊಟ್ಟರು. ಸೋಪಿನ ಮಾತು ಎತ್ತಿ ನಾಲ್ಕು ಅಂದಿದ್ದರೂ ಕೇಳಿಕೊಳ್ಳುತ್ತಿದ್ದೆ. ಆ ಒಳ್ಳೆಯತನದ ಕಾಫಿಯನ್ನು ಈ ಸಲ ನಾನು ಅರ್ಧಕ್ಕೇ ಬಿಟ್ಟೆ.

ಮಗುವಿಗೆ ನನ್ನ ಗುರುತು ಚೆನ್ನಾಗಿಯೇ ಇದೆ. ಬಾಗಿಲಲ್ಲಿ ಕಂಡರೆ ಬೊಚ್ಚು ಬಾಯಿ ಅಗಲಿಸಿ ನಗುತ್ತದೆ, ತೋಳು ಚಾಚಿ ಬರುತ್ತದೆ. ಅದರ ಕೆನ್ನೆಯನ್ನು ನಾನು ಕೈಯಿಂದ ಮುಟ್ಟುವುದಿಲ್ಲ, ನನ್ನ ಕೆನ್ನೆಯಿಂದ ಮುಟ್ಟುತ್ತೇನೆ. ಆಗಲೇ ಅದು ಎಷ್ಟು ಮೆತ್ತಗಿದೆ ಎಂದು ನನಗೆ ತಿಳಿಯುವುದು.

ಹೋದ ವಾರ ಹೋದಾಗ ಬೀಗಿತ್ತಿಗೆ ಮಂಡಿ ನೋವು, ನೆಲಕ್ಕೆ ಕೂರಲಾರರು. ಮಗಳು ಮಗುವಿಗೆ ಹಾಲು ಕುಡಿಸಿ, ತೇಗು ತೆಗೆಸಿ, ನನ್ನ ಕಡೆ ತಿರುಗಿ, "ಅಮ್ಮ, ಇವತ್ತು ನೀನೇ ನೀರು ಹಾಕು" ಎಂದಳು. ನೀರು ತಾನೇ ಬೆರೆಸಿದಳು, ಮೊಣಕೈ ಇಟ್ಟು ನೋಡಿದಳು. ನಾನೂ ನನ್ನ ಮೊಣಕೈ ಇಟ್ಟು ನೋಡಿದೆ. ಹದವಾಗಿತ್ತು. ಅವಳು ಬಚ್ಚಲ ಬಾಗಿಲಲ್ಲೇ ನಿಂತಳು. ನಿಲ್ಲಲಿ, ಅವಳ ಜಾಗದಲ್ಲಿ ನಾನಿದ್ದರೂ ಅಲ್ಲಾಡುತ್ತಿರಲಿಲ್ಲ. ಮಣೆಯ ಮೇಲೆ ಕೂತು, ಸೀರೆ ಮೇಲೆ ಮಾಡಿ ಕಾಲು ಚಾಚಿದೆ. ನಗುತ್ತಲೇ ಇದ್ದ ಮಗುವನ್ನು ಇಸಿದುಕೊಂಡು ಕಾಲ ಮೇಲೆ ಮಲಗಿಸಿದೆ.

ಬೆನ್ನು ನನ್ನ ಕಾಲಿಗೆ ತಾಗಿದ್ದೇ ತಡ, ಅದರ ಮೈ ಸೆಟೆಯಿತು. ಮುಷ್ಟಿ ಬಿಗಿಯಿತು, ಮೊಣಕಾಲು ಹೊಟ್ಟೆಗೆ ಬಂತು. ನನ್ನ ಮುಖವನ್ನೇ ನೋಡುತ್ತಾ ತುಟಿ ಅದುರಿಸಿ, ಹಳೆಯ ಅದೇ ಕಿರುಚಾಟ ತೆಗೆಯಿತು. ಚೊಂಬು ಇನ್ನೂ ಬಕೆಟ್ಟಿನಲ್ಲಿತ್ತು. ಒಂದು ಹನಿ ನೀರೂ ಬಿದ್ದಿರಲಿಲ್ಲ.

"ಹಸಿವಾಗಿರ್ಬೇಕಮ್ಮ" ಎಂದಳು ಮಗಳು, ನನ್ನ ಮುಖ ನೋಡದೆ.

"ಹೂಂ, ಹಸಿವೇ ಇರ್ಬೇಕು" ಎಂದೆ. "ನನಗೂ ಯಾಕೋ ಮಂಡಿ ಹಿಡ್ಕೊಂಡಿದೆ, ತಗೋ, ನೀನೇ ಹಾಕು."

ಎದ್ದು ಟವೆಲು ಹಿಡಿದು ಹೊರಗೆ ನಿಂತೆ. ಒಳಗೆ ನೀರು ಬೀಳುವ ಸದ್ದು ಶುರುವಾಯಿತು. ಅಷ್ಟರಲ್ಲಿ ಅಳು ನಿಂತಿತ್ತು.